ಸಾಕುಮೊಲದ ಚರ್ಮರೋಗಗಳು: ಗುರುತು, ಆರೈಕೆ ಮತ್ತು ಎಚ್ಚರಿಕೆ

ಕಳೆದ ಮಳೆಗಾಲದಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳನ್ನು ಆಕೆಯ ತಾಯಿ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಮುಂಗೈಯ ಒಳಭಾಗದಲ್ಲಿ ರೂಪಾಯಿ ಅಗಲದ ಎರಡು ಗುಂಡನೆಯ ಗುರುತುಗಳಿದ್ದವು. ಅಂಚು ಕೆಂಪಾಗಿ ಉಬ್ಬಿತ್ತು. ನಡುವಿನ ಚರ್ಮ ತಿಳಿಯಾಗಿತ್ತು. ನೋಡಿದೊಡನೆ ಅದು ದದ್ರು, ಅಂದರೆ ನಮ್ಮ ಕಡೆ ಗಜಕರ್ಣ ಅಥವಾ ಹುಳುಕಡ್ಡಿ ಎಂದು ಕರೆಯುವ ರೋಗವೆಂದು ತಿಳಿಯಿತು. ಲೇಪವನ್ನೂ ಹೊಟ್ಟೆಗೆ ಔಷಧಿಯನ್ನೂ ಕೊಟ್ಟೆವು. ಮೂರು ವಾರಗಳಲ್ಲಿ ಗುಣವಾಯಿತು. ತಿಂಗಳು ಕಳೆಯುವುದರೊಳಗೆ ಆಕೆ ಮತ್ತೆ ಬಂದಳು. ಈ ಸಲ ಗುರುತು ಕುತ್ತಿಗೆಯ ಮೇಲಿತ್ತು. ಜೊತೆಗೆ ತಮ್ಮನ ಕೆನ್ನೆಯ ಮೇಲೂ ಕಾಣಿಸಿಕೊಂಡಿತ್ತು. ಮತ್ತೆ ಔಷಧಿ, ಮತ್ತೆ ಗುಣ, ಮತ್ತೆ ರೋಗ. ಮೂರನೆಯ ಭೇಟಿಯಲ್ಲಿ ನಾವು ತಾಯಿಯೊಡನೆ ಪಥ್ಯದ ಮಾತನಾಡುತ್ತಿದ್ದಾಗ ಬಾಲಕಿಯೇ ನಡುವೆ ಬಾಯಿಬಿಟ್ಟಳು: “ಅಜ್ಜಾರ, ನಮ್ಮ ಮೊಲಕ್ಕೂ ಔಷಧ ಕೊಡ್ರಿ. ಅದರ ಮೂಗಿನ ಮ್ಯಾಲೂ ಹಿಂಗ ಆಗೇತಿ.”

ಮನೆಯಲ್ಲಿ ಪ್ರಾಣಿಗಳಿವೆಯೇ ಎಂದು ನಾವು ಕೇಳಿರಲೇ ಇಲ್ಲ. ಅದು ನಮ್ಮ ಮೊದಲನೆಯ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡದು. ಮೊಲವನ್ನು ಕಣ್ಣಾರೆ ನೋಡದೆಯೇ, ಹೊಂಗೆ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚಿರೆಂದು ಹೇಳಿ ಕಳುಹಿಸಿದೆವು. ಮನುಷ್ಯರಿಗೆ ಮೇಲೆ ಹಚ್ಚಲು ನಿರಪಾಯವಾದುದು ಪ್ರಾಣಿಗೂ ನಿರಪಾಯವೆಂದು ಭಾವಿಸಿದ್ದೆವು. ಮೊಲವು ರಾತ್ರಿಯೆಲ್ಲ ಮೈ ನೆಕ್ಕಿಕೊಂಡು ಆ ಎಣ್ಣೆಯಷ್ಟನ್ನೂ ನುಂಗಿತು. ಬೆಳಗಾಗುವ ಹೊತ್ತಿಗೆ ಹುಲ್ಲು ಮುಟ್ಟಲಿಲ್ಲ, ಹಿಕ್ಕೆ ಹಾಕಲಿಲ್ಲ, ಮೂಲೆಯಲ್ಲಿ ಮುದುಡಿ ಕುಳಿತಿತು. ಮನೆಯವರು ತಡಮಾಡದೆ ಪಶು ಆಸ್ಪತ್ರೆಗೆ ಒಯ್ದುದರಿಂದ ಅದು ಉಳಿಯಿತು. ನಾವು ಆ ಪಶುವೈದ್ಯರನ್ನು ಕಂಡು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವರು ತಾಳ್ಮೆಯಿಂದ ತಿಳಿಸಿಕೊಟ್ಟ ಸಂಗತಿಗಳನ್ನೂ ಆ ಬಳಿಕ ನಾವು ಓದಿ ಅರಿತುಕೊಂಡವನ್ನೂ ಈ ತಿಂಗಳ ಓದುಗರ ಮುಂದಿರಿಸುತ್ತಿದ್ದೇವೆ.

ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವ ನಮ್ಮ ಒಕ್ಕಲು ಮನೆತನಗಳಿಗೆ ದನದ ಮೈಯ ಮೇಲಿನ ಒಂದೊಂದು ಸುಳಿಯೂ ಗೊತ್ತು. ಮೊಲ ಹಾಗಲ್ಲ. ಅದು ನಮ್ಮ ಮನೆಗಳಿಗೆ ಇತ್ತೀಚೆಗೆ ಬಂದ ಅತಿಥಿ. ಜಾತ್ರೆಯಲ್ಲೋ ಸಂತೆಯಲ್ಲೋ ಮಕ್ಕಳು ಹಟಮಾಡಿ ಕೊಡಿಸಿಕೊಂಡ ಮರಿ ಮನೆ ಸೇರುತ್ತದೆ. ಅದರ ಪ್ರಕೃತಿ ನಮಗೆ ತಿಳಿಯದು. ನಮ್ಮ ಪೂರ್ವಿಕರು ಕುದುರೆಗೆ ಶಾಲಿಹೋತ್ರ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯ ಎಂದು ಪ್ರಾಣಿಗೊಂದು ವೈದ್ಯವನ್ನು ಬೇರೆ ಬೇರೆಯಾಗಿಯೇ ಬರೆದಿಟ್ಟರು. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಅಹಿತವಾಗಬಹುದೆಂಬ ಅರಿವು ಅದರ ಹಿಂದಿದೆ. ನಾವು ಅಂದು ಮರೆತದ್ದು ಇದನ್ನೇ.

ಮೊಲದ ಚರ್ಮದ ಪ್ರಕೃತಿ

ಮೊಲದ ತುಪ್ಪಳು ದಟ್ಟ. ಅದರಡಿಯ ಚರ್ಮ ಮಾತ್ರ ಬಲು ತೆಳು. ಒರಟಾಗಿ ಬಾಚಿದರೆ, ಹಕ್ಕಳೆಯನ್ನು ಎಳೆದು ಕಿತ್ತರೆ ಚರ್ಮವೇ ಹರಿಯುತ್ತದೆ. ನಾಯಿ ಬೆಕ್ಕುಗಳಿಗೆ ಅಂಗಾಲಿನಲ್ಲಿ ಮೆತ್ತನೆಯ ಗಟ್ಟಿ ಗದ್ದುಗೆಗಳಿರುತ್ತವೆ. ಮೊಲಕ್ಕೆ ಅವಿಲ್ಲ, ಅಂಗಾಲನ್ನು ಕಾಯುವುದು ಕೂದಲು ಮಾತ್ರ. ಅದು ಬೆವರುವುದಿಲ್ಲ, ಮೈಯ ಶಾಖವನ್ನು ಬಹುಮಟ್ಟಿಗೆ ಕಿವಿಗಳ ಮೂಲಕ ಹೊರಹಾಕುತ್ತದೆ. ದಿನದಲ್ಲಿ ಹಲವು ಸಲ ಮೈಯನ್ನೆಲ್ಲ ನೆಕ್ಕಿ ಶುಚಿಮಾಡಿಕೊಳ್ಳುತ್ತದೆ. ಆದಕಾರಣ ಅದರ ಚರ್ಮಕ್ಕೆ ಹಚ್ಚಿದ ಔಷಧಿಯನ್ನು ಹೊಟ್ಟೆಗೆ ಕೊಟ್ಟ ಔಷಧಿಯೆಂದೇ ತಿಳಿಯಬೇಕು. ಮೊಲಕ್ಕೆ ವಾಂತಿಯಾಗುವುದಿಲ್ಲ. ನುಂಗಿದ ವಿಷ ಹೊರಬರುವ ದಾರಿ ಅದಕ್ಕಿಲ್ಲ.

ಮತ್ತೊಂದು ಸಂಗತಿ. ಮೊಲದ ಕರುಳಿನಲ್ಲಿ ನಾರನ್ನು ಪಚನಮಾಡುವ ಸೂಕ್ಷ್ಮಜೀವಿಗಳ ದೊಡ್ಡ ಬಳಗವಿದೆ. ಆ ಬಳಗ ಕೆಟ್ಟರೆ ಮೊಲ ಬದುಕುವುದು ಕಷ್ಟ. ಆದುದರಿಂದ ಚರ್ಮರೋಗವಿರಲಿ ಬೇರೆ ರೋಗವಿರಲಿ, ಮೊಲವು ಅರ್ಧ ದಿನ ಏನನ್ನೂ ತಿನ್ನದೆ ಹಿಕ್ಕೆ ಹಾಕದೆ ಇದ್ದರೆ ಅದನ್ನು ತುರ್ತೆಂದೇ ಪರಿಗಣಿಸಬೇಕು.

ರೋಗವಲ್ಲದವು

ಕೂದಲು ಉದುರಿದುದೆಲ್ಲ ರೋಗವಲ್ಲ. ಋತು ಬದಲಾಗುವಾಗ ಮೊಲವು ಹಳೆಯ ತುಪ್ಪಳನ್ನು ಕಳಚಿ ಹೊಸದನ್ನು ತಳೆಯುತ್ತದೆ. ಆಗ ಮೈಯಲ್ಲಿ ಪಟ್ಟೆಪಟ್ಟೆಯಾಗಿ ಎತ್ತರ ತಗ್ಗು ಕಾಣಬಹುದು. ಕೂದಲನ್ನು ಬಿಡಿಸಿ ನೋಡಿದರೆ ಅಡಿಯ ಚರ್ಮ ನುಣುಪಾಗಿದ್ದು, ಹೊಟ್ಟು ಹಕ್ಕಳೆಗಳಿಲ್ಲದೆ, ಸಣ್ಣ ಹೊಸ ಕೂದಲು ಮೂಡುತ್ತಿದ್ದರೆ ಚಿಂತಿಸಬೇಕಾಗಿಲ್ಲ. ಹೆಣ್ಣು ಮೊಲವು ತನ್ನ ಎದೆ ಹೊಟ್ಟೆಗಳ ಕೂದಲನ್ನು ತಾನೇ ಕಿತ್ತು ಮೂಲೆಯಲ್ಲಿ ಗುಡ್ಡೆಹಾಕಿದರೆ ಅದು ಮರಿಗಳಿಗಾಗಿ ಗೂಡು ಕಟ್ಟುವ ಸಿದ್ಧತೆ. ಗರ್ಭದ ಅವಧಿ ಸುಮಾರು 31 ದಿನ. ಗರ್ಭವಿಲ್ಲದೆಯೂ ಕೆಲವೊಮ್ಮೆ ಹುಸಿಗರ್ಭದಿಂದ ಹೀಗೆ ಮಾಡುವುದುಂಟು. ಆದರೆ ಜೊತೆಯ ಮೊಲದ ಕೂದಲನ್ನು ಕಚ್ಚಿ ತಿನ್ನುತ್ತಿದ್ದರೆ ಮೇವಿನಲ್ಲಿ ನಾರು ಸಾಲದೆಂದೋ, ಗೂಡು ಇಕ್ಕಟ್ಟಾಗಿದೆಯೆಂದೋ ತಿಳಿಯಬೇಕು.

ದರ್ಶನ, ಸ್ಪರ್ಶನ, ಪ್ರಶ್ನೆ

ಆಯುರ್ವೇದದಲ್ಲಿ ರೋಗಿಯನ್ನು ಪರೀಕ್ಷಿಸಲು ಮೂರು ಬಗೆ ಹೇಳಿದೆ: ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟುವುದು, ಮಾತಿನಿಂದ ಕೇಳುವುದು. ಮೊಲವು ಮಾತನಾಡದು. ಆದುದರಿಂದ ಮೊದಲ ಎರಡನ್ನು ನಿಧಾನವಾಗಿ ಮಾಡಬೇಕು; ಮೂರನೆಯದಕ್ಕೆ ಮನೆಯವರೇ ಉತ್ತರ ಹೇಳಬೇಕು. ವಾರಕ್ಕೊಮ್ಮೆ ಹತ್ತು ನಿಮಿಷ ಇದಕ್ಕೆ ಸಾಕು.

ಮೊಲವನ್ನು ಕಿವಿ ಹಿಡಿದು ಎತ್ತಕೂಡದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಲಿ. ಹಿಂಗಾಲಿಗೆ ಆಧಾರವಿಲ್ಲದೆ ಗಾಬರಿಯಿಂದ ಒದೆದರೆ ಅದರ ಬೆನ್ನೆಲುಬೇ ಮುರಿಯಬಹುದು. ನೆಲದ ಮೇಲೆ ಗೋಣಿತಟ್ಟನ್ನೋ ದಪ್ಪ ಟವೆಲನ್ನೋ ಹಾಸಿ, ಬೆಳಕಿರುವ ಕಡೆ ಕೂರಿಸಿಕೊಳ್ಳಿರಿ. ಮೂಗು, ತುಟಿ, ಕಣ್ಣಿನ ಸುತ್ತ, ಕಿವಿಯ ಒಳಗು, ಗದ್ದದ ಅಡಿ, ಬೆನ್ನು, ಹೊಟ್ಟೆ, ಬಾಲದ ಕೆಳಗೆ, ಕೊನೆಗೆ ನಾಲ್ಕೂ ಅಂಗಾಲು, ಹೀಗೆ ಒಂದೇ ಕ್ರಮದಲ್ಲಿ ನೋಡುತ್ತ ಹೋಗಬೇಕು. ಕೂದಲನ್ನು ಬೆರಳಿನಿಂದ ಬಿಡಿಸಿ ಅಡಿಯ ಚರ್ಮ ಕಾಣುವಂತೆ ಮಾಡಬೇಕು. ಬಳಿಕ ಅಂಗೈಯನ್ನು ಮೈಯೆಲ್ಲ ಹಗುರವಾಗಿ ಆಡಿಸಿ ಗಂಟು, ಬಿಸಿ, ತೇವ, ಒರಟು ಎಲ್ಲಿದೆ ಎಂದು ಅರಿಯಬೇಕು.

ಇನ್ನು ಪ್ರಶ್ನೆಗಳು: ತುರಿಕೆ ಇದೆಯೇ, ಕೂದಲು ಮಾತ್ರ ಉದುರಿದೆಯೇ? ಹೊಸ ಮೊಲ ಮನೆಗೆ ಬಂದಿತೇ? ಗೂಡಿನ ನೆಲ ಯಾವುದು? ಮೇವು ಏನು? ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ? ಈ ಐದಕ್ಕೆ ಸರಿಯಾದ ಉತ್ತರ ದೊರೆತರೆ ಪಶುವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ.

ರೋಗಗಳು: ಎಲ್ಲಿ ಕಾಣುತ್ತವೆ, ಏನು ಮಾಡಬೇಕು

*ಕಿವಿಯ ಒಳಗೆ.* ಮೊಲವು ತಲೆ ಕೊಡಹುತ್ತ, ಹಿಂಗಾಲಿನಿಂದ ಕಿವಿ ಕೆರೆಯುತ್ತಿದ್ದರೆ ಕಿವಿಯ ಒಳಗನ್ನು ನೋಡಿರಿ. ಪದರುಪದರಾಗಿ ಕಂದು ಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಕಿವಿನುಸಿಯ ಕೆಲಸ. ಸೋರೋಪ್ಟಿಸ್ ಎಂಬ ಈ ನುಸಿ ಮೊಲದ ಮೈಯಿಂದ ಬೇರೆಯಾಗಿಯೂ ಮೂರು ವಾರಗಳವರೆಗೆ ಬದುಕಬಲ್ಲದು. ಹಕ್ಕಳೆಯನ್ನು ಕಡ್ಡಿಯಿಂದಾಗಲಿ ಹತ್ತಿಯಿಂದಾಗಲಿ ಕೀಳಕೂಡದು. ಅಡಿಯಲ್ಲಿ ಹಸಿ ಹುಣ್ಣಿರುತ್ತದೆ, ನೋವು ಅಸಹನೀಯ. ಔಷಧಿಯಿಂದ ನುಸಿ ಸತ್ತರೆ ಹಕ್ಕಳೆ ತಾನೇ ಉದುರುತ್ತದೆ. ಅಲಕ್ಷಿಸಿದರೆ ಸೋಂಕು ಒಳಗಿವಿಗೆ ಇಳಿದು ತಲೆ ಒಂದು ಕಡೆಗೆ ವಾಲುವುದುಂಟು.

*ಮೂಗು, ತುಟಿ, ಉಗುರಿನ ಸುತ್ತ.* ಬೂದು ಬಿಳುಪಿನ ಒಣ ಹಕ್ಕಳೆ ಮೂಗಿನ ಮೇಲಿಂದ ಆರಂಭವಾಗಿ ತುಟಿ, ಕಿವಿಯಂಚು, ಪಾದಗಳಿಗೆ ಹಬ್ಬಿದರೆ, ತುರಿಕೆ ಬಲವಾಗಿದ್ದರೆ ಅದು ಕಜ್ಜಿ. ಆಯುರ್ವೇದ ಪರಿಭಾಷೆಯಲ್ಲಿ ಪಾಮಾ ಎನ್ನಬಹುದಾದ ಈ ರೋಗವನ್ನು ಸಾರ್ಕೋಪ್ಟಿಸ್, ನೋಟೊಯೆಡ್ರಿಸ್ ಎಂಬ ನುಸಿಗಳು ಚರ್ಮದೊಳಗೆ ಸುರಂಗ ಕೊರೆದು ಉಂಟುಮಾಡುತ್ತವೆ. ಇಕ್ಕಟ್ಟಾಗಿ ಸಾಕಿದ ಮೊಲಗಳಲ್ಲಿ ಇದು ಬಹುಬೇಗ ಹರಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಮೊಲವು ಮೇವು ಬಿಟ್ಟು ಸೊರಗಿ ಸಾಯುತ್ತದೆ.

*ಬೆನ್ನು ಮತ್ತು ಕತ್ತಿನ ಹಿಂದೆ.* ತಲೆಹೊಟ್ಟಿನಂತೆ ಬಿಳಿಯ ಪುಡಿ ದಟ್ಟವಾಗಿದ್ದರೆ ತುಪ್ಪಳು ನುಸಿಯನ್ನು ಸಂಶಯಿಸಬೇಕು. ಇದರ ಹೆಸರು ಚೈಲೆಟಿಯೆಲ್ಲಾ. ಮೊಲವನ್ನು ಕಪ್ಪು ಕಾಗದದ ಮೇಲೆ ನಿಲ್ಲಿಸಿ ಮೆಲ್ಲಗೆ ಬಾಚಿ, ಉದುರಿದ ಹೊಟ್ಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ಕಣಗಳು ಚಲಿಸುವುದು ಕಾಣಬಹುದು. ಪಾರದರ್ಶಕ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ತೆಗೆದು ಪಶುವೈದ್ಯರಿಗೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಧರಿಸುತ್ತಾರೆ. ಮೊಲಕ್ಕೆ ತುರಿಕೆ ಹೆಚ್ಚಾಗಿರದಿದ್ದರೂ ಅದನ್ನು ಎತ್ತಿಕೊಂಡವರ ಮುಂಗೈ, ಹೊಟ್ಟೆಗಳ ಮೇಲೆ ಕೆಂಪು ತುರಿಗುಳ್ಳೆಗಳು ಏಳಬಹುದು.

ಈ ಮೂರು ಬಗೆಯ ನುಸಿಗಳಿಗೂ ಪಶುವೈದ್ಯರು ಸಾಮಾನ್ಯವಾಗಿ ಐವರ್‌ಮೆಕ್ಟಿನ್ ಅಥವಾ ಸೆಲಾಮೆಕ್ಟಿನ್ ಬಳಸುತ್ತಾರೆ. ಐವರ್‌ಮೆಕ್ಟಿನ್‌ನ ಮೂಲ ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿ. ಅದಕ್ಕಾಗಿ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮಣ್ಣಿನಿಂದ ಬಂದ ಔಷಧಿಯನ್ನು ಅನ್ಯಪದ್ಧತಿಯದೆಂದು ದೂರವಿಡಲು ಆಯುರ್ವೇದದವರಾದ ನಮಗೆ ಕಾರಣವಿಲ್ಲ. ಆದರೆ ಇದರ ಪ್ರಮಾಣವನ್ನು ಮೊಲದ ತೂಕಕ್ಕೆ ಸರಿಯಾಗಿ ಅಳೆಯಬೇಕು; ದನ, ಕುರಿಗಳ ಔಷಧಿಯನ್ನು ಅಂದಾಜಿನಿಂದ ಕೊಡಕೂಡದು. ಔಷಧಿ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದುದರಿಂದ ಹತ್ತು ಹದಿನಾಲ್ಕು ದಿನಗಳ ಅಂತರದಲ್ಲಿ ಎರಡು ಮೂರು ಸಲ ಕೊಡಿಸಬೇಕಾಗುತ್ತದೆ. ಒಂದು ಸೂಜಿಗೆ ತುರಿಕೆ ನಿಂತಿತೆಂದು ಸುಮ್ಮನಾದವರ ಮನೆಯಲ್ಲೇ ರೋಗ ಮರುಕಳಿಸುವುದು.

*ಗುಂಡನೆಯ ಬೋಳು ಕಲೆಗಳು.* ಮೂಗು, ಕಣ್ಣಿನ ಸುತ್ತ, ಕಿವಿ, ಮುಂಗಾಲುಗಳಲ್ಲಿ ಕೂದಲು ಉದುರಿ ಗುಂಡಾದ ಕಲೆ, ಅದರ ಮೇಲೆ ಹೊಟ್ಟು ಅಥವಾ ಹಳದಿ ಛಾಯೆಯ ಹಕ್ಕಳೆ ಕಂಡರೆ ಅದು ಶಿಲೀಂಧ್ರದ ಸೋಂಕು, ಅಂದರೆ ಮೊಲದ ಗಜಕರ್ಣ. ಬಹುಪಾಲು ಟ್ರೈಕೋಫೈಟಾನ್ ಮೆಂಟಗ್ರೊಫೈಟಿಸ್ ಎಂಬ ಬೂಷ್ಟು ಇದಕ್ಕೆ ಕಾರಣ. ಎಳೆಯ ಮರಿಗಳಲ್ಲಿ ಹೆಚ್ಚು. ಕೆಲವು ಮೊಲಗಳು ಮೈಮೇಲೆ ಒಂದು ಕಲೆಯೂ ಇಲ್ಲದೆ ಸೋಂಕನ್ನು ಹೊತ್ತು ಇತರರಿಗೆ ಹಂಚುತ್ತವೆ. ಕಜ್ಜಿಗೂ ಇದಕ್ಕೂ ಮೂಗಿನ ಮೇಲೆ ನೋಟದಲ್ಲಿ ಹೋಲಿಕೆ ಇರುವುದರಿಂದ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೋ, ಕೂದಲನ್ನು ಬೆಳೆಸಿ ನೋಡಿಯೋ ನಿರ್ಧರಿಸಬೇಕು. ಬೆಳೆಸುವ ಪರೀಕ್ಷೆಗೆ ಎರಡು ಮೂರು ವಾರ ಹಿಡಿಯುತ್ತದೆ. ಇಟ್ರಾಕೊನಜೋಲ್, ಟರ್ಬಿನಾಫಿನ್ ಮೊದಲಾದವುಗಳನ್ನು ಪಶುವೈದ್ಯರು ವಾರಗಟ್ಟಲೆ ಕೊಡುತ್ತಾರೆ. ಸುಣ್ಣಗಂಧಕದ ದ್ರಾವಣವನ್ನೂ ಕೆಲವೊಮ್ಮೆ ಬಳಸುತ್ತಾರೆ. ಚರ್ಮರೋಗಗಳಿಗೆ ಗಂಧಕವನ್ನು ನಮ್ಮ ರಸಶಾಸ್ತ್ರವೂ ಹೇಳಿದೆಯೆಂಬುದು ನಿಜ. ಆದರೆ ನಮ್ಮ ಗಂಧಕತೈಲವನ್ನು ಮೊಲಕ್ಕೆ ಹಚ್ಚುವಂತಿಲ್ಲ; ಅದು ನೆಕ್ಕಿಕೊಳ್ಳುತ್ತದೆ.

*ಹಿಂಗಾಲಿನ ಅಂಗಾಲು.* ಕೂದಲು ಸವೆದು ಕೆಂಪಾಗಿ, ಮುಂದೆ ಹುಣ್ಣಾಗಿ ಹಕ್ಕಳೆ ಕಟ್ಟಿದರೆ ಅದು ಒತ್ತುಹುಣ್ಣು. ತಂತಿ ನೆಲದ ಪಂಜರ, ಮೂತ್ರದಿಂದ ತೊಯ್ದ ಹಾಸು, ಮಿತಿಮೀರಿದ ತೂಕ ಇದರ ಕಾರಣಗಳು. ಎಷ್ಟು ಮುಲಾಮು ಹಚ್ಚಿದರೂ ನೆಲ ಬದಲಾಗದೆ ಇದು ಮಾಯದು. ತಂತಿಯ ಮೇಲೆ ಹಲಗೆ ಹಾಕಿ, ಅದರ ಮೇಲೆ ಒಣಹುಲ್ಲನ್ನು ದಪ್ಪವಾಗಿ ಹರಡಿ, ದಿನವೂ ಬದಲಾಯಿಸಬೇಕು. ಹುಣ್ಣು ಆಳವಾದರೆ ಸೋಂಕು ಎಲುಬಿಗಿಳಿಯುತ್ತದೆ. ಆ ಮೊದಲೇ ಪಶುವೈದ್ಯರಿಗೆ ತೋರಿಸಬೇಕು.

*ಗದ್ದದ ಅಡಿ.* ದನಗಳ ಗಂಗೆದೊಗಲಿನಂತೆ ಹೆಣ್ಣು ಮೊಲಗಳಿಗೆ ಗಂಟಲ ಕೆಳಗೆ ಚರ್ಮದ ಮಡಿಕೆಯಿರುತ್ತದೆ. ಅದು ಸದಾ ಒದ್ದೆಯಾಗಿದ್ದರೆ ಕೂದಲು ಉದುರಿ ಚರ್ಮ ಕೊಳೆಯುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಸೇರಿಕೊಂಡರೆ ಬಿಳಿಯ ಕೂದಲು ಹಸಿರು ನೀಲಿ ಬಣ್ಣಕ್ಕೆ ತಿರುಗುವುದೂ ಉಂಟು. ಅಗಲ ಬಾಯಿಯ ನೀರಿನ ಬಟ್ಟಲು ಒಂದು ಕಾರಣ. ಇನ್ನೊಂದು ಹಲ್ಲು. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ; ಹುಲ್ಲು ಅಗಿದು ಸವೆಯದಿದ್ದರೆ ಬೆಳೆದು ಚುಚ್ಚಿ ಜೊಲ್ಲು ಸುರಿಯುತ್ತದೆ. ಆಗ ರೋಗ ಚರ್ಮದಲ್ಲಿ ಕಂಡರೂ ಮೂಲ ಬಾಯಿಯಲ್ಲಿದೆ.

*ಬಾಲದ ಕೆಳಗೆ.* ಮೂತ್ರದಿಂದಲೋ ಅಂಟಿದ ಮೆತ್ತನೆಯ ಮಲದಿಂದಲೋ ಹಿಂಭಾಗ ಕೊಳೆಯಾಗಿದ್ದರೆ ಮಳೆಗಾಲದಲ್ಲಿ ನೊಣ ಮೊಟ್ಟೆಯಿಡುತ್ತದೆ. ಒಂದೇ ದಿನದೊಳಗೆ ಮರಿಹುಳುಗಳು ಹೊರಬಂದು ಮಾಂಸವನ್ನು ಕೊರೆಯತೊಡಗುತ್ತವೆ. ಮೊಲದ ಚರ್ಮಬಾಧೆಗಳಲ್ಲೆಲ್ಲ ಅತಿ ತುರ್ತಿನದು ಇದು. ತಡಮಾಡಿದರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ದನದ ಹುಳ ಬಿದ್ದ ಗಾಯಕ್ಕೆ ಸುರಿಯುವ ಟರ್ಪೆಂಟೈನ್, ಫಿನೈಲ್, ಸೀಮೆಎಣ್ಣೆಗಳನ್ನು ಇಲ್ಲಿ ಮುಟ್ಟಲೇಬಾರದು. ಒಣ ಬಟ್ಟೆಯಲ್ಲಿ ಸುತ್ತಿ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

*ಗಂಟು ಮತ್ತು ಬಾವು.* ಮೊಲದ ಕೀವು ಗಟ್ಟಿ ಮೊಸರಿನಂತಿರುತ್ತದೆ; ತಾನೇ ಹರಿದು ಹೋಗದು. ದವಡೆಯ ಬಳಿಯ ಗಂಟು ಅನೇಕ ಸಲ ಹಲ್ಲಿನ ಬೇರಿನದು. ಬಿಸಿ ಪಟ್ಟು ಕಟ್ಟಿ ಹಣ್ಣುಮಾಡುವ, ಹಿಸುಕಿ ತೆಗೆಯುವ ಪ್ರಯತ್ನ ಬೇಡ. ಶಸ್ತ್ರಚಿಕಿತ್ಸೆಯೇ ದಾರಿ.

*ಜನನಾಂಗ ಮತ್ತು ಮೂಗಿನ ಮೇಲೆ ಒಟ್ಟಿಗೇ ಹಕ್ಕಳೆ.* ಇದು ಮೊಲದ ಉಪದಂಶ. ಕೂಡುವಿಕೆಯಿಂದಲೂ ತಾಯಿಯಿಂದ ಮರಿಗೂ ಹರಡುತ್ತದೆ; ಮನುಷ್ಯರಿಗೆ ಬರುವುದಿಲ್ಲ. ಪೆನಿಸಿಲಿನ್ ಸೂಜಿಯಿಂದ ಗುಣವಾಗುತ್ತದೆ. ಅದೇ ಪೆನಿಸಿಲಿನ್ ಬಾಯಿಯಿಂದ ಹೋದರೆ ಕರುಳಿನ ಜೀವಿಬಳಗ ನಾಶವಾಗಿ ಮೊಲ ಸಾಯಬಹುದು. ದ್ರವ್ಯವೊಂದೇ ಆದರೂ ಕೊಡುವ ದಾರಿ ತಪ್ಪಿದರೆ ವಿಷವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮಾಡಬಾರದವು

1. ಬೇವು, ಹೊಂಗೆ, ನೀಲಗಿರಿ ಎಣ್ಣೆಗಳನ್ನೂ ಕರ್ಪೂರವನ್ನೂ ಹಚ್ಚಬಾರದು. ಮನೆಮದ್ದೆಂಬ ಕಾರಣಕ್ಕೆ ಅದು ನಿರಪಾಯವಾಗುವುದಿಲ್ಲ.

2. ನಾಯಿಗಳ ಚಿಗಟ, ಉಣ್ಣೆಗಳಿಗೆ ಬೆನ್ನಿಗೆ ಹನಿಸುವ ಅಥವಾ ಸಿಂಪಡಿಸುವ ಫಿಪ್ರೊನಿಲ್ ಮೊಲಕ್ಕೆ ವಿಷ. ಔಷಧಿ ಅಂಗಡಿಯಲ್ಲಿ ‘ಸಣ್ಣ ಪ್ರಾಣಿಗಳಿಗೂ ನಡೆಯುತ್ತದೆ’ ಎಂದರೂ ಕೊಳ್ಳಬಾರದು.

3. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಮಾತ್ರೆಗಳನ್ನು ಪುಡಿಮಾಡಿ ಬಾಯಿಗೆ ಹಾಕಬಾರದು.

4. ಸ್ಟೀರಾಯ್ಡ್ ಬೆರೆತ ಮನುಷ್ಯರ ಮುಲಾಮನ್ನು ಹಚ್ಚಬಾರದು. ಮೊಲದ ರೋಗನಿರೋಧ ಬಲ ಅದರಿಂದ ಸುಲಭವಾಗಿ ಕುಗ್ಗುತ್ತದೆ.

5. ನೀರಿನಲ್ಲಿ ಮುಳುಗಿಸಿ ಸ್ನಾನಮಾಡಿಸಬಾರದು. ದಟ್ಟ ತುಪ್ಪಳು ಬೇಗ ಒಣಗದು. ಭಯ ಮತ್ತು ಚಳಿಯಿಂದ ಆಘಾತಕ್ಕೊಳಗಾಗುತ್ತದೆ. ಕೊಳೆಯಾದ ಭಾಗವನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದ ಪ್ರಥಮ ಚಿಕಿತ್ಸೆ ಯಾವುದು? ರೋಗಿ ಮೊಲವನ್ನು ಬೇರೆಯಿರಿಸುವುದು, ಒಣಗಿದ ಸ್ವಚ್ಛ ಹಾಸು ಕೊಡುವುದು, ಹುಲ್ಲು ನೀರು ತಪ್ಪದಂತೆ ನೋಡಿಕೊಳ್ಳುವುದು, ಸಣ್ಣ ಗೀರುಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯುವುದು. ಇಷ್ಟೇ. ಉಳಿದುದು ಪಶುವೈದ್ಯರದು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊಲ ಅಪರೂಪದ ರೋಗಿಯಾಗಿರಬಹುದು, ಸಂಕೋಚ ಬೇಡ. ಬೀದರ, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯ ಮಹಾವಿದ್ಯಾಲಯಗಳಿವೆ. ಸ್ಥಳೀಯ ವೈದ್ಯರೇ ಅಲ್ಲಿಗೆ ದಾರಿ ತೋರುತ್ತಾರೆ.

ನಿದಾನ ಪರಿವರ್ಜನ

ರೋಗದ ಕಾರಣವನ್ನು ದೂರಮಾಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂದು ಆಯುರ್ವೇದ ಹೇಳುತ್ತದೆ. ಮೊಲದ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಗೂಡಿನ ನೆಲ ಗಟ್ಟಿಯಾಗಿ, ಸಮವಾಗಿ, ಒಣಗಿರಬೇಕು. ಗಾಳಿಯಾಡಬೇಕು; ಮಳೆಯ ಎರಚಲು, ಬೇಸಿಗೆಯ ನೇರ ಬಿಸಿಲು ಬೀಳಬಾರದು. ಆಹಾರದ ಬಹುಭಾಗ ಹುಲ್ಲೇ ಆಗಿರಬೇಕು: ಒಣಹುಲ್ಲು ಹಗಲಿರುಳು ಎದುರಿಗಿರಲಿ, ಜೊತೆಗೆ ಗರಿಕೆ, ಸೊಪ್ಪು. ಕಾಳು, ಹಿಂಡಿ, ಬಿಸ್ಕತ್ತು, ಬ್ರೆಡ್ಡು ಹೆಚ್ಚಾದರೆ ತೂಕ ಏರುತ್ತದೆ, ಮಲ ಮೆತ್ತಗಾಗಿ ಹಿಂಭಾಗಕ್ಕೆ ಅಂಟುತ್ತದೆ, ಹಲ್ಲು ಸವೆಯದೆ ಬೆಳೆಯುತ್ತದೆ. ಮೇಲೆ ಹೇಳಿದ ರೋಗಗಳಲ್ಲಿ ಮೂರು ನಾಲ್ಕು ಈ ಒಂದೇ ತಪ್ಪಿನಿಂದ ಹುಟ್ಟುತ್ತವೆ.

ಹೊಸ ಮೊಲವನ್ನು ತಂದಾಗ ಕನಿಷ್ಠ ಮೂರು ವಾರ ಬೇರೆ ಇರಿಸಿ ನೋಡಿ, ಬಳಿಕ ಹಳೆಯದರ ಜೊತೆ ಬಿಡಬೇಕು. ಗಜಕರ್ಣ ಕಂಡ ಗೂಡಿನ ಹಾಸನ್ನು ಸುಟ್ಟುಬಿಡಬೇಕು. ಅದರ ಬೀಜಕಣಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಗೂಡನ್ನು ತಿಕ್ಕಿ ತೊಳೆದು, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆದು ಬಿಸಿಲಿಗೊಡ್ಡಿ, ವಾಸನೆ ಪೂರ್ತಿ ಹೋದ ಮೇಲೆ ಮೊಲವನ್ನು ಬಿಡಬೇಕು. ಮರದ ಗೂಡು ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸುವುದೇ ಒಳಿತು.

ಮನೆಯವರಿಗೆ

ಮೊಲದ ನುಸಿಗಳು ಮನುಷ್ಯರ ಮೈಮೇಲೆ ತಮ್ಮ ವಂಶವನ್ನು ಬೆಳೆಸಲಾರವು. ಮೊಲಕ್ಕೂ ಗೂಡಿಗೂ ಚಿಕಿತ್ಸೆಯಾದರೆ ನಮ್ಮ ತುರಿಕೆ ಕೆಲವೇ ವಾರಗಳಲ್ಲಿ ತಾನೇ ಇಳಿಯುತ್ತದೆ. ಗಜಕರ್ಣ ಹಾಗಲ್ಲ, ಅದು ನಮ್ಮ ಚರ್ಮದಲ್ಲೂ ಬೇರೂರುತ್ತದೆ, ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆ. ದದ್ರುವಿಗೆ ಆಯುರ್ವೇದದಲ್ಲಿ ಚಕ್ರಮರ್ದ, ಅಂದರೆ ತಗಚೆ ಬೀಜದ ಲೇಪ ಪ್ರಸಿದ್ಧ; ಆ ಗಿಡಕ್ಕೆ ದದ್ರುಘ್ನ ಎಂಬ ಹೆಸರೇ ಇದೆ. ಆದರೆ ಲೇಪವಾಗಲಿ ಆಧುನಿಕ ಮುಲಾಮಾಗಲಿ ವೈದ್ಯರು ನೋಡಿ ಹೇಳಿದಷ್ಟು ದಿನ, ಕಲೆ ಮಾಯವಾದ ಮೇಲೂ ಮುಂದುವರಿಸಬೇಕು. ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಸ್ಟೀರಾಯ್ಡ್ ಮಿಶ್ರಿತ ಮುಲಾಮುಗಳು ಎರಡು ದಿನದಲ್ಲಿ ತುರಿಕೆ ನಿಲ್ಲಿಸುತ್ತವೆ, ರೋಗವನ್ನು ಒಳಗೇ ಹರಡಿಸುತ್ತವೆ. ಇಂದು ನಮ್ಮ ಬಳಿಗೆ ಬರುವ ಹಟಮಾರಿ ಗಜಕರ್ಣಗಳಲ್ಲಿ ಬಹುಪಾಲಿನ ಹಿಂದೆ ಇಂಥದೊಂದು ಕೊಳವೆ ಇರುತ್ತದೆ. ಟವೆಲು, ಹಾಸಿಗೆ, ಬಟ್ಟೆಗಳು ಬೇರೆಬೇರೆಯಾಗಿರಲಿ. ಬಿಸಿನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿರಿ. ಮೊಲವನ್ನು ಮುಟ್ಟಿದ ಬಳಿಕ ಕೈ ತೊಳೆದೇ ಪೂಜೆಗೂ ಪ್ರಸಾದಕ್ಕೂ ಕುಳಿತುಕೊಳ್ಳುವ ರೂಢಿಯನ್ನು ಮಕ್ಕಳಿಗೆ ಕಲಿಸಿರಿ. ಮಧುಮೇಹಿಗಳು, ಎಳೆಗೂಸುಗಳು, ರೋಗನಿರೋಧ ಬಲ ಕುಗ್ಗಿದವರು ರೋಗಿ ಮೊಲದಿಂದ ದೂರವಿರಬೇಕು.

ಇನ್ನೊಂದು ಮಾತು. ಆ ಬಾಲಕಿಯ ತಂದೆ, ಮಕ್ಕಳ ರೋಗಕ್ಕೆ ಮೊಲವೇ ಕಾರಣವೆಂದು ತಿಳಿದಾಗ, ಅದನ್ನು ಹೊಲದಲ್ಲಿ ಬಿಟ್ಟುಬರುವುದಾಗಿ ಹೇಳಿದ್ದರು. ಮಕ್ಕಳ ಮೇಲಿನ ಕಾಳಜಿಯ ಮಾತದು, ತಪ್ಪೆನ್ನಲಾರೆವು. ಆದರೆ ನಮ್ಮ ಹೊಲದ ಬದುವಿನಲ್ಲಿ ಓಡುವ ಕಾಡುಮೊಲ ಬೇರೆ, ಮನೆಯಲ್ಲಿ ಸಾಕುವ ಮೊಲ ಬೇರೆ. ಎರಡನೆಯದು ಯುರೋಪಿನಿಂದ ಬಂದ ಕುಲ. ತಲೆಮಾರುಗಳಿಂದ ಮನುಷ್ಯರ ಕೈಯಲ್ಲೇ ಬೆಳೆದುದು. ಹೊಲದಲ್ಲಿ ಬಿಟ್ಟರೆ ನಾಯಿಗೋ ಬಿಸಿಲಿಗೋ ಬಲಿಯಾಗುತ್ತದೆ. ಹಾಗೆಯೇ ಕಾಡುಮೊಲವನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಓಡಿಹೋಗಬಲ್ಲ ಜೀವವನ್ನು ಗೂಡಿನಲ್ಲಿ ಕೂಡಿಹಾಕಿದ ಮೇಲೆ ಅದರ ಹೊಟ್ಟೆಯ ಹಸಿವೂ ಮೈಯ ತುರಿಕೆಯೂ ನಮ್ಮವೇ ಆಗುತ್ತವೆ. ಶರಣರು ಬೋಧಿಸಿದ ದಯೆಗೆ ಮನೆಯೊಳಗಿನ ಮೊದಲ ಪರೀಕ್ಷೆ ಇದು.

ತಂದೆ ಮನಸ್ಸು ಬದಲಿಸಿದರು. ಮೊಲಕ್ಕೆ ಪಶುವೈದ್ಯರು, ಮಕ್ಕಳಿಗೆ ನಾವು, ಗೂಡಿಗೆ ಮನೆಯವರು, ಹೀಗೆ ಮೂವರೂ ಒಂದೇ ವಾರದಲ್ಲಿ ಕೆಲಸ ಆರಂಭಿಸಿದೆವು. ಎರಡು ತಿಂಗಳಲ್ಲಿ ಮೊಲದ ಮೂಗಿನ ಮೇಲೆ ಹೊಸ ಕೂದಲು ಬಂತು. ಆ ಮಕ್ಕಳು ಗಜಕರ್ಣಕ್ಕಾಗಿ ಮತ್ತೆ ನಮ್ಮ ಬಳಿಗೆ ಬಂದಿಲ್ಲ. ನಾವು ಮಾತ್ರ ಅಂದಿನಿಂದ ಚರ್ಮದ ತೊಂದರೆಯೆಂದು ಬಂದ ಪ್ರತಿಯೊಬ್ಬರನ್ನೂ ಹೆಸರು, ವಯಸ್ಸು ಕೇಳಿದ ಬಳಿಕ ಇನ್ನೊಂದು ಮಾತು ಕೇಳುತ್ತೇವೆ: ಮನೆಯಲ್ಲಿ ಬೇರೆ ಯಾವ ಯಾವ ಜೀವಗಳಿವೆ? ಅವುಗಳ ಮೈ ನೋಡಿ ಎಷ್ಟು ದಿನವಾಯಿತು?